ಮಂಜಿನಲ್ಲಿ ಒಬ್ಬರೇ ನಡೆದವರು

"ಸರ್, ನನ್ನಲ್ಲಿ ನಂಬಿಕೆಯೇ ಉಳಿದಿಲ್ಲ ಅನಿಸುತ್ತೆ." ಸಲಹೆ ಕೇಳಲು ಬರುವವರಿಂದ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೇಳುವವರು ಹೆಚ್ಚಾಗಿ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಮುಂದೆ ನಿಂತು ಕೆಲಸ ಮಾಡುವವರೇ. ಹಾಡು ನಡೆಸುವವರು, ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುವವರು. ಅದಕ್ಕೇ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಅವರು ಮೂವತ್ತು ದಾಟಿದವರು. ಸಭೆಯ ಯುವಕರ ಕೂಟ ನಡೆಸುತ್ತಿದ್ದರು. ಬಿಡುವು ಸಿಕ್ಕರೆ ಬೆಟ್ಟ ಹತ್ತುತ್ತಿದ್ದರು, ಚಾರಣ ತಂಡಗಳನ್ನು ಕರೆದುಕೊಂಡು ಹೋಗಿ ಒಳ್ಳೆಯ ಅನುಭವವಿತ್ತು. ಒಂದು ವರ್ಷದಿಂದ ಪ್ರಾರ್ಥನೆ ಒಣಗಿಹೋಗಿತ್ತು. ಸತ್ಯವೇದ (ಬೈಬಲ್) ತೆರೆದರೆ ಬರೀ ಅಕ್ಷರ. ನಿದ್ದೆ, ಊಟ, ಕೆಲಸದ ಬಗ್ಗೆ ಮೊದಲು ಕೇಳಿದೆ, ಯಾಕೆಂದರೆ ಖಿನ್ನತೆಯೂ ಎಷ್ಟೋ ಸಲ ಇದೇ ರೂಪದಲ್ಲಿ ಬರುತ್ತದೆ. ಹಾಗಿದ್ದರೆ ವೈದ್ಯರ ಬಳಿ ಕಳಿಸುವುದು ಮೊದಲ ಕೆಲಸ. ಇವರಲ್ಲಿ ಖಿನ್ನತೆ ಕಾಣಲಿಲ್ಲ. ದಣಿವು ಮಾತ್ರ ಜಾಸ್ತಿ ಇತ್ತು.

ಅವರು ಒಂದು ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಮನಸ್ಸು ಮತ್ತೆ ತುಂಬುವವರೆಗೆ ಸಭೆಗೆ ಹೋಗಬಾರದು ಅಂತ. "ಒಳಗೆ ಏನೂ ಇಲ್ಲದೆ ಕೈ ಎತ್ತಿ ಹಾಡೋದು ಕಪಟ ಅಲ್ವಾ ಸರ್? ಬೆಟ್ಟದ ಮೇಲೆ ಒಬ್ಬನೇ ಕೂತಾಗ ದೇವರು ಹತ್ತಿರ ಇದ್ದಾರೆ ಅನಿಸುತ್ತೆ. ಅದು ಸಾಕು."

ಎರಡು ಭೇಟಿ ಇದೇ ಮಾತಿನ ಸುತ್ತ ಕಳೆಯಿತು. ಮೂರನೆಯ ಸಲ ನಾನು ಬೆಟ್ಟದ ಬಗ್ಗೆಯೇ ಕೇಳಿದೆ. ನನಗೆ ಚಾರಣ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ್ದು.

"ಮೇಲೆ ಹೋದಾಗ ಮಂಜು ಕವಿದು ದಾರಿ ಕಾಣದಿದ್ದರೆ ಏನು ಮಾಡ್ತೀರಿ?"

ಅವರ ಬೆನ್ನು ನೆಟ್ಟಗಾಯಿತು. "ಮೊದಲು ನಿಲ್ಲಬೇಕು ಸರ್. ಅಂದಾಜಿನ ಮೇಲೆ ನಡೆಯಲೇಬಾರದು. ನೇರ ಹೋಗ್ತಿದ್ದೀನಿ ಅಂತ ಖಂಡಿತ ಅನಿಸುತ್ತೆ, ಆದರೆ ಸುತ್ತು ಹೊಡೀತಿರ್ತೀವಿ."

"ಆಮೇಲೆ?"

"ಕೆಲವು ದಾರಿಗಳಲ್ಲಿ ಹಿಂದೆ ಹೋದವರು ಕಲ್ಲು ಪೇರಿಸಿ ಗುರುತು ಮಾಡಿರ್ತಾರೆ. ಕೊನೆಗೆ ಕಂಡ ಗುರುತಿಗೆ ವಾಪಸ್ ಹೋಗಬೇಕು. ಒಬ್ಬರು ಅಲ್ಲೇ ನಿಲ್ಲಬೇಕು. ಇನ್ನೊಬ್ಬರು ಕೂಗಿದರೆ ಕೇಳುವಷ್ಟು ದೂರ ಮಾತ್ರ ಹೋಗಿ ಮುಂದಿನ ಗುರುತು ಹುಡುಕಬೇಕು. ಸಿಗದಿದ್ದರೆ ದನಿ ಹಿಡಿದು ವಾಪಸ್ ಬರಬೇಕು."

"ಒಬ್ಬರೇ ಇದ್ದರೆ?"

"ಅಂಥ ಕಡೆ ಒಬ್ಬರೇ ಹೋಗಬಾರದು ಸರ್."

ಅಷ್ಟು ಹೇಳಿ ಸುಮ್ಮನಾದರು. ನಾನೂ ಮಾತಾಡಲಿಲ್ಲ. ತುಂಬ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದರು. "ಈ ವಿಷಯ ನಾನು ಸಭೆಯಲ್ಲಿ ಒಬ್ಬರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ."

ಸುತ್ತು ಹೊಡೆಯುವ ಮಾತು ನಿಜವೇ ಅಂತ ಆಮೇಲೆ ಓದಿ ನೋಡಿದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದರ ಸಂಶೋಧಕರು ಜನರನ್ನು ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ನಡೆಸಿ ಪರೀಕ್ಷಿಸಿದ್ದಾರೆ. 2009ರಲ್ಲಿ ಅದು ಪ್ರಕಟವಾಯಿತು. ಸೂರ್ಯ ಕಾಣುತ್ತಿದ್ದಾಗ ಜನ ಹೆಚ್ಚುಕಡಿಮೆ ನೇರವಾಗಿಯೇ ನಡೆದರು. ಮೋಡ ಮುಚ್ಚಿದ ದಿನ ಕಾಡಿನಲ್ಲಿ ನಡೆದವರು ಸುತ್ತು ಹಾಕಿ, ತಾವೇ ನಡೆದ ಜಾಡನ್ನು ದಾಟಿದರು. ದಾಟಿದ್ದು ಅವರಿಗೇ ಗೊತ್ತಾಗಲಿಲ್ಲ. ಕಾಲು ಗಿಡ್ಡ ಉದ್ದ ಇರುವುದು ಕಾರಣವಲ್ಲವಂತೆ. 'ನೇರ' ಯಾವುದು ಎಂಬ ಒಳಗಿನ ಅಂದಾಜೇ ಹೆಜ್ಜೆಹೆಜ್ಜೆಗೂ ಚೂರುಚೂರು ಜಾರುತ್ತದೆ.

ನಾನು ಕೊಟ್ಟ ಸಲಹೆ ಇಷ್ಟು. ಮೂರು ತಿಂಗಳು ಯುವಕರ ಕೂಟದ ಹೊಣೆ ಇಳಿಸಿ. ಭಾನುವಾರದ ಆರಾಧನೆ ಮಾತ್ರ ಬಿಡಬೇಡಿ. ಹಾಡಲು ಆಗದಿದ್ದರೆ ಹಾಡಬೇಡಿ, ಪಕ್ಕದವರು ಹಾಡುವುದನ್ನು ಕೇಳುತ್ತಾ ಕೂತಿರಿ. ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ದಿನಕ್ಕೊಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಏನಾದರೂ ಅನಿಸಲಿ ಅಂತ ಕಾಯಬೇಡಿ. ಮನೆಯವರಿಗೆ ಹೇಳಿ. ಸಭೆಯ ಹಿರಿಯರಲ್ಲಿ ನಂಬಿಕಸ್ಥರೊಬ್ಬರಿಗೂ ಹೇಳಿ. ಬೆಟ್ಟಕ್ಕೆ ಹೋಗುವುದನ್ನು ನಿಲ್ಲಿಸಬೇಕಿಲ್ಲ. ಆದರೆ ಬೆಟ್ಟವನ್ನೇ ಸಭೆ ಮಾಡಿಕೊಳ್ಳಬೇಡಿ.

ಕೊನೆಯ ಮಾತು ಅವರಿಗೆ ಹಿಡಿಸಲಿಲ್ಲ. ನಾನೂ ಬಿಡಲಿಲ್ಲ. ಬೆಟ್ಟ ನಮ್ಮನ್ನು ಏನೂ ಕೇಳುವುದಿಲ್ಲ. ಅಲ್ಲಿ ಕ್ಷಮಿಸಬೇಕಾದವರಿಲ್ಲ, ಕಾಯಿಲೆ ಬಿದ್ದವರಿಲ್ಲ. 121ನೆಯ ಕೀರ್ತನೆ ಬರೆದವನು ಬೆಟ್ಟಗಳ ಕಡೆ ಕಣ್ಣೆತ್ತುತ್ತಾನೆ, ಆದರೆ ಸಹಾಯ ಬರುವುದು ಭೂಮಿ ಆಕಾಶಗಳನ್ನು ಮಾಡಿದವನಿಂದ ಎನ್ನುತ್ತಾನೆ.

"ಒಳಗೆ ಇಲ್ಲದ್ದನ್ನು ಹೊರಗೆ ತೋರಿಸಲು ಹೇಳಿದಿರಾ?" ಎಂದು ಪರಿಚಯದ ಸಭಾಪಾಲಕರೊಬ್ಬರು ಕೇಳಿದರು. ಇಲ್ಲ. ಕಪಟ ಅಂದರೆ ಇಲ್ಲದ್ದನ್ನು ಇದೆ ಎಂದು ನಂಬಿಸುವುದು. ಇವರು ಬರಿಗೈಯಲ್ಲಿದ್ದೇನೆ ಎಂದು ಹೇಳಿಯೇ ಬಂದು ಕೂರುತ್ತಾರೆ. ಮಾತು ಕೊಟ್ಟಿದ್ದೇನೆ ಎಂಬ ಒಂದೇ ಕಾರಣಕ್ಕೆ ಬರುವವರನ್ನು ನಂಬಿಗಸ್ತರು ಅಂತಲೇ ನಾನು ಕರೆಯುತ್ತೇನೆ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಒಬ್ಬ ಸಹೋದರಿ ಇದೇ ನೋವು ಹೇಳಿಕೊಂಡು ಬಂದಿದ್ದರು. "ಇನ್ನೂ ಜಾಸ್ತಿ ಪ್ರಾರ್ಥಿಸಿ, ಉಪವಾಸ ಮಾಡಿ" ಎಂದು ಹೇಳಿ ಕಳಿಸಿದೆ. ಅವರು ಮತ್ತೆ ಬರಲಿಲ್ಲ. ದಣಿದವರ ಬೆನ್ನಿಗೆ ನಾನು ಇನ್ನೊಂದು ಮೂಟೆ ಏರಿಸಿದ್ದೆ. ಆ ತಪ್ಪು ನನಗೆ ಇವತ್ತಿಗೂ ಚುಚ್ಚುತ್ತದೆ.

ಪ್ರವಾದಿ ಎಲೀಯನಿಗೆ ದೇವರು ಹಾಗೆ ಮಾಡಲಿಲ್ಲ. ಸತ್ಯವೇದದ 1 ಅರಸುಗಳು ಪುಸ್ತಕದ 19ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಸಾಯುತ್ತೇನೆ ಎಂದು ಗಿಡದ ಕೆಳಗೆ ಮಲಗಿದವನಿಗೆ ಮೊದಲು ಸಿಕ್ಕಿದ್ದು ನಿದ್ದೆ, ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಆಮೇಲೆ ಹೋರೇಬ್ ಬೆಟ್ಟಕ್ಕೆ 40 ದಿನದ ದಾರಿ. ಅಲ್ಲಿ ಅವನು ಎರಡು ಸಲ ಹೇಳಿದ್ದು ಒಂದೇ ಮಾತು, ನಾನೊಬ್ಬನೇ ಉಳಿದಿದ್ದೇನೆ ಅಂತ. ದೇವರು ತಮಗೆ ನಿಷ್ಠರಾಗಿ ಉಳಿದ 7,000 ಜನರ ಲೆಕ್ಕ ಹೇಳಿ, ಜೊತೆಗಾರನಾಗಿ ಎಲೀಷ ಎಂಬವನನ್ನು ಕೊಟ್ಟು, ಬೆಟ್ಟದಿಂದ ಕೆಳಗೆ ಕಳಿಸಿದರು.

ನಾಲ್ಕು ತಿಂಗಳಾದ ಮೇಲೆ ಆ ಬೆಟ್ಟ ಹತ್ತುವವರು ಮತ್ತೆ ಬಂದರು. ಪ್ರಾರ್ಥನೆ ಇನ್ನೂ ಒಣಗಿಯೇ ಇದೆ ಎಂದರು. ಆದರೆ ಆ ಹಿರಿಯರು ವಿಷಯ ಕೇಳಿ ಅತ್ತುಬಿಟ್ಟರಂತೆ. "ನನಗೂ ಕೆಲವು ವರ್ಷ ಹೀಗೇ ಇತ್ತು ಕಣಪ್ಪಾ, ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ" ಎಂದರಂತೆ. ಈಗ ವಾರಕ್ಕೊಮ್ಮೆ ಇಬ್ಬರೂ ಕೂತು ಒಂದು ಕೀರ್ತನೆ ಓದುತ್ತಾರೆ. ಮುಂದಿನ ವಾರ 88ನೆಯದು ಎಂದರು.

"ಅದು ಕತ್ತಲೆಯಲ್ಲೇ ಮುಗಿಯುತ್ತೆ" ಎಂದೆ.

"ಗೊತ್ತು ಸರ್. ಅದಕ್ಕೇ ಇಬ್ಬರೂ ಸೇರಿ ಓದೋಣ ಅಂದುಕೊಂಡ್ವಿ."