ಛಾಪಾ ಕಾಗದದ ಮೇಲೆ ಸಹಿ ಆಯ್ತು, ಡೈವೋರ್ಸ್ ಆಯ್ತಾ?

ದೂರವಾಗಲು ಹೊರಟಿರುವ ದಂಪತಿಗಳ ಪ್ರಶ್ನೆಗಳಿಗೆ ಕೌಟುಂಬಿಕ ಕಾನೂನು ತಜ್ಞರ ಉತ್ತರ

ಪ್ರಶ್ನೆ: ಮದುವೆಯಾಗಿ ಆರು ವರ್ಷವಾಯಿತು. ಎರಡು ವರ್ಷದಿಂದ ತವರಿನಲ್ಲಿದ್ದೇನೆ. ಹಿರಿಯರು ಕೂತು ಮಾತಾಡಿ, 'ಇನ್ನು ನಮ್ಮಿಬ್ಬರಿಗೂ ಸಂಬಂಧವಿಲ್ಲ, ಜೀವನಾಂಶವನ್ನೂ ಕೇಳುವುದಿಲ್ಲ' ಎಂದು ಛಾಪಾ ಕಾಗದದಲ್ಲಿ ಬರೆಸಿ, ನೋಟರಿ ಮುಂದೆ ಇಬ್ಬರಿಂದಲೂ ಸಹಿ ಹಾಕಿಸಿದರು. ಈಗ ಗಂಡನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆ. ನನ್ನ ಒಡವೆ ಅತ್ತೆಯ ಲಾಕರ್‌ನಲ್ಲೇ ಇದೆ. ನಮ್ಮದು ಡೈವೋರ್ಸ್ ಆದ ಹಾಗೆಯೇ?

ಉತ್ತರ: ಇಲ್ಲಮ್ಮ, ಆಗಿಲ್ಲ. ನೀವಿಬ್ಬರೂ ಇವತ್ತಿಗೂ ಗಂಡ ಹೆಂಡತಿಯೇ. ಕಾಗದಕ್ಕೆ ಸಹಿ ಹಾಕಿದವರು ನೀವೇ ಎಂದಷ್ಟೇ ನೋಟರಿ ಹೇಳಬಲ್ಲರು. ಮದುವೆ ಮುರಿಯುವ ಅಧಿಕಾರ ಅವರಿಗೂ ಇಲ್ಲ, ಹಿರಿಯರಿಗೂ ಇಲ್ಲ. ಹಿಂದೂ ವಿವಾಹ ಕಾಯ್ದೆ, 1955ರ ಅಡಿ ಅದಕ್ಕೆ ಕೋರ್ಟಿನ ಡಿಕ್ರಿಯೇ, ಅಂದರೆ ಅಂತಿಮ ಆದೇಶವೇ ಬೇಕು. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ಬಂದ ಬಿಡುಗಡೆ ಪದ್ಧತಿಯನ್ನು ಕಾಯ್ದೆಯ 29ನೇ ಕಲಂ ಒಪ್ಪುತ್ತದೆ, ನಿಜ. ಆದರೆ ಅಂಥ ಪದ್ಧತಿ ತಮ್ಮಲ್ಲಿ ಇದೆ ಎಂದು ಹೇಳಿಕೊಂಡವರೇ ಅದನ್ನು ಸಾಬೀತು ಮಾಡಬೇಕು. 'ನಮ್ಮ ಕಡೆ ಹೀಗೇ ಮಾಡೋದು' ಎಂದರೆ ಸಾಲದು.

ಡಿಕ್ರಿ ಇಲ್ಲದೆ ಅವರು ಇನ್ನೊಂದು ಮದುವೆಯಾದರೆ ಆ ಮದುವೆ ಶೂನ್ಯ, ಅಂದರೆ ಕಾನೂನಿನ ಲೆಕ್ಕಕ್ಕೇ ಇಲ್ಲ. ಜೊತೆಗೆ ಅದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಈ ವಿಷಯವನ್ನು ವಕೀಲರ ನೋಟಿಸ್ ಮೂಲಕ ಈಗಲೇ ತಿಳಿಸಿ. ಎಷ್ಟೋ ಮನೆಗಳಲ್ಲಿ ಹೆಣ್ಣು ನೋಡುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಹಾಗಂತ ಆ ಕಾಗದವನ್ನು ಹರಿದು ಹಾಕಬೇಡಿ. ಅದು ಡೈವೋರ್ಸ್ ಅಲ್ಲದಿದ್ದರೂ ನೀವು ಯಾವಾಗಿನಿಂದ ಬೇರೆ ಇದ್ದೀರಿ ಎನ್ನುವುದಕ್ಕೆ ಒಳ್ಳೆಯ ದಾಖಲೆ. ಮುಂದೆ ಬೇಕಾಗುತ್ತದೆ. ಇನ್ನು 'ಜೀವನಾಂಶ ಕೇಳುವುದಿಲ್ಲ' ಎಂಬ ಸಾಲಿಗೆ ಹೆದರಬೇಕಿಲ್ಲ. ಕೋರ್ಟಿನ ಹೊರಗೆ ಹೀಗೆ ಬರೆದುಕೊಟ್ಟ ಮಾತ್ರಕ್ಕೆ ಜೀವನಾಂಶ ಕೇಳುವ ದಾರಿ ಮುಚ್ಚುವುದಿಲ್ಲ.

ಒಡವೆ ನಿಮ್ಮದೇ. ತವರಿನವರು ಕೊಟ್ಟದ್ದು, ಗಂಡನ ಮನೆಯವರು ನಿಮಗೆಂದೇ ಹಾಕಿದ್ದು ಎಲ್ಲವೂ ಸ್ತ್ರೀಧನ. ಅತ್ತೆಯ ಲಾಕರ್‌ನಲ್ಲಿದ್ದರೆ ಅದು ಅವರ ಬಳಿ ಜೋಪಾನಕ್ಕೆ ಇಟ್ಟದ್ದು ಅಷ್ಟೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಮದುವೆ ಆಲ್ಬಮ್ ತೆಗೆದುಕೊಂಡು ಕೂತು ಒಂದೊಂದೇ ಫೋಟೋ ನೋಡಿ ಪಟ್ಟಿ ಮಾಡಿ: ಸರ, ಬಳೆ, ಓಲೆ, ಯಾರು ಕೊಟ್ಟದ್ದು, ಅಂದಾಜು ತೂಕ. ಬಿಲ್ ಸಿಕ್ಕರೆ ಲಗತ್ತಿಸಿ. ಪಟ್ಟಿಯೇ ಇಲ್ಲದಿದ್ದರೆ 'ಅವಳೇ ಹೋಗುವಾಗ ತಗೊಂಡು ಹೋದಳು' ಎನ್ನುವ ಉತ್ತರ ಬಂದೇ ಬರುತ್ತದೆ.

ಇಬ್ಬರಿಗೂ ಬೇರೆಯಾಗುವ ಮನಸ್ಸಿದೆ ಎಂದು ನಿಮ್ಮ ಕಾಗದವೇ ಹೇಳುತ್ತದೆ. ಹಾಗಿದ್ದರೆ ಜಗಳದ ಕೇಸು ಯಾಕೆ? ಪರಸ್ಪರ ಒಪ್ಪಿಗೆಯ ಡೈವೋರ್ಸ್‌ಗೆ, ಅಂದರೆ ಜನ 'ಮ್ಯೂಚುವಲ್' ಎನ್ನುವುದಕ್ಕೆ, ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಅಡಿ ಅರ್ಜಿ ಹಾಕಬಹುದು. ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಬೇರೆ ಎಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲ ಎಂದಾದರೆ ಸಾಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಬಿಟ್ಟು ಎರಡನೇ ಸಲ ಹಾಜರಾಗಿ ಒಪ್ಪಿಗೆ ಹೇಳಬೇಕು. ಈ ಆರು ತಿಂಗಳನ್ನು ಮನ್ನಾ ಮಾಡುವ ಅವಕಾಶವೂ ಇದೆ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಅರ್ಜಿಗೆ ಮೊದಲೇ ಒಟ್ಟು ಒಂದೂವರೆ ವರ್ಷ ಬೇರೆ ಇದ್ದಿರಬೇಕು, ರಾಜಿ ಪ್ರಯತ್ನ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಕ್ಕಳ ವಿಷಯ ನಿಜವಾಗಿಯೂ ಇತ್ಯರ್ಥವಾಗಿರಬೇಕು. ನಿಮಗೆ ಎರಡು ವರ್ಷ ಆಗಿದೆ ಅಲ್ವಾ? ಈಗ ಆ ಕಾಗದ ಕೆಲಸಕ್ಕೆ ಬಂತು ನೋಡಿ.

ಬಹಳ ಜನ ಎಡವುವುದು ಅರ್ಜಿಯ ಷರತ್ತುಗಳಲ್ಲಿ. 'ಜೀವನಾಂಶ ಹಾಗೂ ಇತರೆ ವಿಷಯಗಳನ್ನು ಉಭಯತರು ಬಗೆಹರಿಸಿಕೊಂಡಿರುತ್ತಾರೆ' ಎಂದು ಒಂದು ಸಾಲು ಬರೆದು ಮುಗಿಸಿಬಿಡುತ್ತಾರೆ. ಈ ಸಾಲಿಗೆ ನಾನಂತೂ ಸಹಿ ಹಾಕಲು ಬಿಡುವುದಿಲ್ಲ. ಎಷ್ಟು ಹಣ, ಎಷ್ಟು ಕಂತು, ಯಾವ ದಿನ, ಡಿಡಿಯೋ ಖಾತೆಗೋ, ಒಡವೆ ಯಾವ ಪಟ್ಟಿಯಂತೆ ಯಾವತ್ತು ವಾಪಸ್, ಒಬ್ಬರ ಮೇಲೊಬ್ಬರು ಹಾಕಿದ ಕೇಸುಗಳು ಏನಾಗಬೇಕು, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿ. ಹಣದ ದೊಡ್ಡ ಪಾಲು ಎರಡನೇ ಹಾಜರಿಯ ದಿನ ನ್ಯಾಯಾಧೀಶರ ಎದುರೇ ಕೈ ಸೇರುವಂತಿದ್ದರೆ ಇಬ್ಬರಿಗೂ ನೆಮ್ಮದಿ.

ಜಂಟಿ ಗೃಹಸಾಲ ಇದ್ದವರು ಇನ್ನೊಂದು ವಿಷಯ ಗಮನಿಸಿ. 'ಸಾಲ ಗಂಡನೇ ತೀರಿಸತಕ್ಕದ್ದು' ಎಂದು ನೀವು ಬರೆದುಕೊಂಡರೂ ಬ್ಯಾಂಕ್ ಆ ಮಾತಿಗೆ ಸಹಿ ಹಾಕಿಲ್ಲವಲ್ಲ! ಬ್ಯಾಂಕ್ ನಿಮ್ಮ ಹೆಸರು ಬಿಡಿಸುವವರೆಗೆ ಕಂತು ತಪ್ಪಿದರೆ ನಿಮ್ಮನ್ನೂ ಕೇಳುತ್ತದೆ. ಮೊದಲು ಬ್ಯಾಂಕ್‌ನಲ್ಲಿ ಮಾತಾಡಿ, ಆಮೇಲೆ ಆ ಷರತ್ತು ಬರೆಸಿ.

ವಿಶೇಷ ವಿವಾಹ ಕಾಯ್ದೆ, 1954ರಡಿ ಮದುವೆಯಾದವರಿಗೂ ಹೆಚ್ಚುಕಡಿಮೆ ಇದೇ ದಾರಿ, ಕಲಂ 28. ಕ್ರೈಸ್ತರಿಗೆ, ಮುಸ್ಲಿಮರಿಗೆ ಬೇರೆ ಕಾನೂನುಗಳಿವೆ. ಅವರು ಈ ಉತ್ತರವನ್ನು ಹಾಗೇ ಅನ್ವಯಿಸಿಕೊಳ್ಳಬಾರದು.

ಪ್ರಶ್ನೆ: ಇಬ್ಬರೂ ಒಪ್ಪಿ ಮ್ಯೂಚುವಲ್ ಅರ್ಜಿ ಹಾಕಿದೆವು. ಮೊದಲ ಹಾಜರಿ ಮುಗಿಯಿತು. ಈಗ ಎರಡನೇ ಹಾಜರಿಗೆ ಹೆಂಡತಿ ಬರುತ್ತಿಲ್ಲ, ಫೋನೂ ಎತ್ತುತ್ತಿಲ್ಲ. ಒಮ್ಮೆ ಸಹಿ ಹಾಕಿದ ಮೇಲೆ ಹಿಂದೆ ಸರಿಯಬಹುದೇ? ನನ್ನ ಪರವಾಗಿ ಡಿಕ್ರಿ ಆಗುವುದಿಲ್ಲವೇ?

ಉತ್ತರ: ಸರಿಯಬಹುದು. ಡಿಕ್ರಿ ಆಗುವ ಕ್ಷಣದವರೆಗೂ ಒಪ್ಪಿಗೆ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಬರದೇ ಇದ್ದದ್ದನ್ನು ಮೌನ ಸಮ್ಮತಿ ಎಂದು ತಿಳಿಯುವಂತಿಲ್ಲ ಎಂದು 2009ರಲ್ಲಿ ಇನ್ನೊಂದು ತೀರ್ಪು ಬಂದಿದೆ. ಎರಡನೇ ಹಾಜರಿಯಲ್ಲಿ ನ್ಯಾಯಾಧೀಶರು ಒಬ್ಬೊಬ್ಬರನ್ನೇ ನೋಡಿ 'ನಿಮ್ಮ ಇಷ್ಟದಿಂದಲೇ ಕೇಳುತ್ತಿದ್ದೀರಾ, ಯಾರಾದರೂ ಒತ್ತಾಯ ಮಾಡಿದ್ದಾರಾ?' ಎಂದು ಕೇಳುವುದು ಸುಮ್ನೆ ಅಲ್ಲ.

ಅವರು ಯಾಕೆ ಬರುತ್ತಿಲ್ಲ ಎಂದು ಮೊದಲು ತಿಳಿದುಕೊಳ್ಳಿ. ಮನಸ್ಸು ಬದಲಾಗಿರಬಹುದು. ಆದರೆ ಎಷ್ಟೋ ಸಲ ಕಾರಣ ತೀರಾ ಸಣ್ಣದು: ಹೇಳಿದ ಕಂತು ಬಂದಿಲ್ಲ, ಸಾಮಾನು ವಾಪಸ್ ಕೊಟ್ಟಿಲ್ಲ. ಕೋರ್ಟ್‌ನ ಮೀಡಿಯೇಷನ್ (ರಾಜಿ ಸಂಧಾನ) ಕೇಂದ್ರಕ್ಕೆ ಕಳಿಸಿಕೊಡಿ ಎಂದು ಕೇಳಿದರೆ ಅಲ್ಲಿ ಇದು ಬಗೆಹರಿಯಬಹುದು. ಎರಡನೇ ಹಾಜರಿಗೆ ಅರ್ಜಿ ಹಾಕಿದ ದಿನದಿಂದ 18 ತಿಂಗಳ ಅವಧಿ ಇರುತ್ತದೆ, ಅದನ್ನು ಬಳಸಿಕೊಳ್ಳಿ. ಒಪ್ಪಂದದಂತೆ ನೀವು ಈಗಾಗಲೇ ಹಣ ಕೊಟ್ಟಿದ್ದರೆ ಅದರ ದಾಖಲೆಯನ್ನು ಕೋರ್ಟಿಗೆ ಒಪ್ಪಿಸಿ. ಲಾಭ ಪಡೆದು ಮಾತು ತಪ್ಪುವುದನ್ನು ಕೋರ್ಟ್‌ಗಳು ಹಗುರವಾಗಿ ನೋಡುವುದಿಲ್ಲ.

ಏನೂ ಆಗಲಿಲ್ಲ ಎಂದರೆ ಕಾರಣ ಹೇಳಿ ಬೇರೆ ಕೇಸು ಹಾಕಬೇಕು. ಕ್ರೌರ್ಯ, ಅಥವಾ ಎರಡು ವರ್ಷ ಬಿಟ್ಟು ಹೋಗಿರುವುದು ಇಂಥವು 13ನೇ ಕಲಂನಲ್ಲಿವೆ. 'ಮದುವೆ ಸರಿಮಾಡಲಾಗದಷ್ಟು ಮುರಿದಿದೆ' ಎಂಬ ಕಾರಣ ಅಲ್ಲಿಲ್ಲ. ಈ ಕಾರಣಕ್ಕೂ ಮದುವೆ ಮುರಿಯಬಹುದು ಎಂದ ಸುಪ್ರೀಂ ಕೋರ್ಟ್‌ನ 2023ರ ಸಂವಿಧಾನ ಪೀಠದ ತೀರ್ಪಿನ ಸುದ್ದಿ ಓದಿ ಅನೇಕರು ಫ್ಯಾಮಿಲಿ ಕೋರ್ಟ್‌ನಲ್ಲೂ ಅದನ್ನೇ ಕೇಳುತ್ತಾರೆ. ಅದು ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟ್‌ಗೆ ಮಾತ್ರ ಇರುವ ಅಧಿಕಾರ.

ಪ್ರಶ್ನೆ: ಮಗಳಿಗೆ ಏಳು ವರ್ಷ. ತಾಯಿಯ ಜೊತೆ ಇದ್ದಾಳೆ. ನಾನು ಹಣ ಕೊಡುತ್ತಿದ್ದರೂ ನೋಡಲು ಬಿಡುತ್ತಿಲ್ಲ. ಹಣ ನಿಲ್ಲಿಸಿದರೆ ದಾರಿಗೆ ಬರುತ್ತಾರೆ ಎಂದು ಸ್ನೇಹಿತರು ಹೇಳುತ್ತಾರೆ.

ಉತ್ತರ: ಸ್ನೇಹಿತರ ಮಾತು ಕೇಳಬೇಡಿ. ಮಗಳ ಖರ್ಚು ಮಗಳ ಹಕ್ಕು. ಅದನ್ನು ನಿಲ್ಲಿಸಿದ ದಿನವೇ ನಿಮ್ಮ ಕೇಸು ದುರ್ಬಲವಾಗುತ್ತದೆ. ಹಣ ಖಾತೆಯ ಮೂಲಕವೇ ಕಳಿಸುತ್ತಾ ಇರಿ, ಭೇಟಿಗೆ ಪ್ರತ್ಯೇಕ ಅರ್ಜಿ ಹಾಕಿ.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. ಆರಕ್ಕೆ ಬಿದ್ದ ಕೂಡಲೇ ಅಪ್ಪನಿಗೆ ಸಿಗುತ್ತದೆ ಎಂದು ಇದಕ್ಕೆ ಅರ್ಥವಲ್ಲ. ಮಗುವಿನ ಒಳಿತು ಎಲ್ಲಿದೆ ಎಂಬುದೇ ಕೊನೆಯ ಮಾತು. ಕಸ್ಟಡಿ ತಾಯಿಯ ಬಳಿ ಇದ್ದರೂ ಅಪ್ಪನ ಭೇಟಿಯನ್ನು ಕೋರ್ಟ್ ಸುಲಭಕ್ಕೆ ನಿರಾಕರಿಸುವುದಿಲ್ಲ.

ಭೇಟಿಯ ಆದೇಶವನ್ನು ಬರೆಸುವ ರೀತಿ ಮುಖ್ಯ. 'ಅನುಕೂಲ ನೋಡಿಕೊಂಡು ಭೇಟಿ' ಎಂದು ಬರೆದರೆ ಅನುಕೂಲ ಎಂದಿಗೂ ಬರುವುದಿಲ್ಲ. 'ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 6. ಕರೆದೊಯ್ಯುವುದು, ಬಿಡುವುದು ತಾಯಿಯ ಮನೆ ಬಾಗಿಲಲ್ಲಿ. ಮಗುವಿಗೆ ಹುಷಾರಿಲ್ಲದಿದ್ದರೆ ಮುಂದಿನ ಶನಿವಾರ. ಬುಧವಾರ, ಭಾನುವಾರ ಸಂಜೆ 7ಕ್ಕೆ ವಿಡಿಯೋ ಕರೆ.' ಹೀಗೆ ಇರಲಿ. ಬೇಸಿಗೆ ರಜೆ, ಹುಟ್ಟುಹಬ್ಬ, ಶಾಲೆಯ ಪೋಷಕರ ಸಭೆ ಕೂಡ ಸೇರಿಸಿ. ಮೊದಮೊದಲು ಕೋರ್ಟ್ ಆವರಣದಲ್ಲೇ ಒಂದೆರಡು ಗಂಟೆ ಭೇಟಿ ಎಂದರೆ ಬೇಜಾರು ಮಾಡಿಕೊಳ್ಳದೆ ತಪ್ಪದೇ ಹೋಗಿ. ಅಲ್ಲಿ ಹೆಂಡತಿಯ ಬಗ್ಗೆ ಮಗಳ ಹತ್ತಿರ ಒಂದು ಮಾತೂ ಬೇಡ.

ಪ್ರಶ್ನೆ: ನನಗೂ ಕೆಲಸವಿದೆ. ಜೀವನಾಂಶ ಕೇಳಬಹುದೇ? ವಕೀಲರಿಗೆ ಕೊಡಲು ಈಗ ಹಣವಿಲ್ಲ.

ಉತ್ತರ: ಕೇಳಬಹುದು. ಸಂಬಳ ಇದೆ ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಮೊತ್ತ ಕಡಿಮೆಯಾಗಬಹುದು. ಆದಾಯದಲ್ಲಿ ಗಂಡನಿಗೆ ಸಮಾನವಾಗಿಯೇ ಇದ್ದರೆ ನಿಮ್ಮ ಪಾಲಿಗೆ ಏನೂ ಸಿಗದೆಯೂ ಹೋಗಬಹುದು, ಮಕ್ಕಳ ಖರ್ಚಿನ ಪಾಲು ಮಾತ್ರ ಸಿಗುತ್ತದೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು. ಅದರಲ್ಲಿ ಏನನ್ನೂ ಮುಚ್ಚಿಡಬೇಡಿ. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕಕ್ಕೆ ಬರುವುದರಿಂದ ತಡವಾಗಿ ಹಾಕಿದಷ್ಟೂ ನಿಮಗೇ ನಷ್ಟ.

ವಕೀಲರ ಚಿಂತೆ ಬಿಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಆಧಾರ್, ಮದುವೆಯ ದಾಖಲೆ, ಸಂಬಳದ ಚೀಟಿಗಳ ನಕಲು ಹಿಡಿದು ಹೋಗಿ.

ಪ್ರಶ್ನೆ: ಡಿಕ್ರಿ ಆಯಿತು. ಮರುಮದುವೆಗೆ ಎಷ್ಟು ದಿನ ಕಾಯಬೇಕು?

ಉತ್ತರ: ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲ, ಹಾಗಾಗಿ ಕಾಯಬೇಕಿಲ್ಲ. ಹೋರಾಡಿ ಪಡೆದ ಡಿಕ್ರಿಯಾದರೆ 90 ದಿನ ಬಿಡಿ. ಅಷ್ಟರಲ್ಲಿ ಎದುರಿನವರು ಮೇಲ್ಮನವಿ ಹಾಕಿದ್ದಾರಾ ಎಂದು ಹೈಕೋರ್ಟ್‌ನಲ್ಲಿ ವಿಚಾರಿಸಿ. ಹಾಕಿದ್ದರೆ ಅದು ವಜಾ ಆಗುವವರೆಗೂ ಮದುವೆ ಬೇಡ. ಡಿಕ್ರಿಯ ದೃಢೀಕೃತ ನಕಲು ಎರಡು ಮೂರು ತೆಗೆದಿಡಿ. ಪಿಎಫ್ ಮತ್ತು ವಿಮೆಯಲ್ಲಿ ನಾಮಿನಿ ಹೆಸರು ಇನ್ನೂ ಹಳೆಯದೇ ಇರುತ್ತದೆ. ಡಿಕ್ರಿ ಆಯಿತೆಂದು ಅದು ತಾನಾಗಿ ಬದಲಾಗುವುದಿಲ್ಲ, ನೀವೇ ಹೋಗಿ ಬದಲಿಸಬೇಕು.