ತಪ್ಪು ಟೆಸ್ಟಿನದಲ್ಲ

ಹಾಸನದಿಂದ ಓದುಗರೊಬ್ಬರು ಬರೆದಿದ್ದಾರೆ: ‘2021ರಲ್ಲಿ ನಮ್ಮ ಭಾವನಿಗೆ ಬ್ಲ್ಯಾಕ್ ಫಂಗಸ್ ಆಗಿತ್ತು. ಮೊದಲು ಗ್ಯಾಲಕ್ಟೋಮನ್ನಾನ್ ಆಂಟಿಜೆನ್ ಟೆಸ್ಟ್ ಮಾಡಿಸಿದರು. ನೆಗೆಟಿವ್ ಬಂತು, ಧೈರ್ಯವಾಗಿದ್ದೆವು. ಕೊನೆಗೆ ಒಂದು ಕಣ್ಣು ತೆಗೆಯಬೇಕಾಯಿತು. ಫಂಗಸ್‌ನ ಆಂಟಿಜೆನ್ ಟೆಸ್ಟ್‌ಗಳೆಲ್ಲ ದುಡ್ಡು ದಂಡ ಅಲ್ವಾ?’

ಉತ್ತರ: ಓದಿ ಬಹಳ ಸಂಕಟವಾಯಿತು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆಂಟಿಜೆನ್ ಅಂದರೆ ಫಂಗಸ್‌ನದೇ ಒಂದು ತುಣುಕು; ಅದನ್ನು ಹುಡುಕುವ ಈ ಟೆಸ್ಟ್‌ಗಳು ತಪ್ಪು ಹೇಳುವುದೂ ಉಂಟು. ಆದರೆ ‘ಎಲ್ಲ’ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ಗ್ಯಾಲಕ್ಟೋಮನ್ನಾನ್ ಟೆಸ್ಟ್ ಹುಡುಕುವುದು ಮುಖ್ಯವಾಗಿ ಆಸ್ಪರ್ಜಿಲಸ್ ಎಂಬ ಬೂಷ್ಟನ್ನು. ಬ್ಲ್ಯಾಕ್ ಫಂಗಸ್ ತರುವ ಮ್ಯೂಕರ್ ಗುಂಪಿನದು ಅದರಲ್ಲಿ ಸಿಗುವುದಿಲ್ಲ. ಹಲವು ಬಗೆಯ ಫಂಗಸ್ ಹುಡುಕುವ ಬೀಟಾ-ಡಿ-ಗ್ಲೂಕಾನ್ ಟೆಸ್ಟ್‌ನಲ್ಲೂ ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೆ ಮೂಗಿನೊಳಗಿಂದ ಚೂರು ತೆಗೆದು (ಇದೇ ಬಯಾಪ್ಸಿ) ಮೈಕ್ರೋಸ್ಕೋಪಿನಲ್ಲೇ ನೋಡಬೇಕು. ಇನ್ನು ಆಸ್ಪರ್ಜಿಲಸ್‌ನ ವಿಷಯಕ್ಕೇ ಬಂದರೂ, ಕೀಮೋ ಆಗಿ ಬಿಳಿ ರಕ್ತಕಣ ಕುಸಿದವರಲ್ಲಿ ರಕ್ತದ ಟೆಸ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಉಳಿದವರಲ್ಲಿ ಎಷ್ಟೋ ಸಲ ಫಂಗಸ್ ಅದರಿಂದ ತಪ್ಪಿಸಿಕೊಳ್ಳುತ್ತದೆ. ಅಂಥವರಿಗೆ ಶ್ವಾಸಕೋಶ ತೊಳೆದು ತೆಗೆದ ನೀರಿನಲ್ಲಿ ಪರೀಕ್ಷೆ ಮಾಡಿದರೆ ಹೆಚ್ಚು ನಂಬಬಹುದು.

ಈಗ ಕ್ರಿಪ್ಟೋಕಾಕಸ್ ಕಡೆ ನೋಡಿ. ಎಚ್‌ಐವಿ ಇರುವವರ ಮಿದುಳಿನ ಪೊರೆಗೆ ಹತ್ತುವ ಫಂಗಸ್ ಅದು. ಅದರ ಆಂಟಿಜೆನ್ ಟೆಸ್ಟ್ ಪಟ್ಟಿಗೆ ರಕ್ತದ ಒಂದು ಹನಿ ಸಾಕು, ಸುಮಾರು 10 ನಿಮಿಷದಲ್ಲಿ ಗೆರೆ ಮೂಡುತ್ತದೆ. 100 ರೋಗಿಗಳಲ್ಲಿ 95ಕ್ಕೂ ಜಾಸ್ತಿ ಜನರನ್ನು ಹಿಡಿಯುತ್ತದೆ. ತಲೆನೋವು ಶುರುವಾಗುವ ವಾರಗಳ ಮೊದಲೇ ರಕ್ತದಲ್ಲಿ ಸುಳಿವು ಕೊಡುತ್ತದೆ. ಅದಕ್ಕೇ ಸಿಡಿ4 (ಎಚ್‌ಐವಿ ನಾಶಮಾಡುವ ಬಿಳಿ ರಕ್ತಕಣ) ಎಣಿಕೆ 100ಕ್ಕಿಂತ ಕಡಿಮೆ ಇರುವ ಎಚ್‌ಐವಿ ರೋಗಿಗಳಿಗೆ ಲಕ್ಷಣ ಇಲ್ಲದಿದ್ದರೂ ಇದನ್ನು ಮಾಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನಗೆ ಪರಿಚಯದ ವೈದ್ಯರೊಬ್ಬರು ಹೇಳಿದ್ದರು: ವಾರಗಟ್ಟಲೆ ತಲೆನೋವಿಗೆ ಮಾತ್ರೆ ನುಂಗಿ ಸೋತಿದ್ದ ಹುಡುಗನಿಗೆ ಕಾಯಿಲೆ ಏನೆಂದು ಹೇಳಿದ್ದು ಈ ಪಟ್ಟಿಯೇ. ಇದನ್ನೂ ದಂಡ ಅನ್ನುತ್ತೀರಾ?

ನನ್ನ ಸಿಟ್ಟು ಬೇರೆ ಕಡೆಗಿದೆ. ರೋಗಿಯ ಮನೆಯವರ ಕೈಗೆ ‘ನೆಗೆಟಿವ್’ ಎಂಬ ಕಾಗದ ಕೊಡುತ್ತಾರೆ. ಯಾವ ಫಂಗಸ್‌ಗೆ ನೆಗೆಟಿವ್, ಯಾವುದನ್ನು ಹುಡುಕಲೇ ಇಲ್ಲ ಅಂತ ಹೇಳುವವರಿಲ್ಲ. ಸ್ಕ್ಯಾನಿಂಗ್ ಯಂತ್ರ ಬಂದರೆ ರಿಬ್ಬನ್ ಕತ್ತರಿಸಲು ಮಂತ್ರಿಗಳು ಬರುತ್ತಾರೆ. ಬೂಷ್ಟು ಗುರುತಿಸಬಲ್ಲ ಮೈಕ್ರೋಬಯಾಲಜಿಸ್ಟ್ ಹುದ್ದೆ ಖಾಲಿ ಬಿದ್ದರೆ ಯಾರೂ ಕೇಳುವುದಿಲ್ಲ. ಕ್ರಿಪ್ಟೋಕಾಕಸ್‌ನದಂಥ ಸಣ್ಣ ಟೆಸ್ಟ್ ಪಟ್ಟಿ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಸದಾ ಇರಬೇಕು. ನಿಮ್ಮಂಥವರು ಗಟ್ಟಿಯಾಗಿ ಕೇಳಬೇಕಾದ್ದು ಅದನ್ನು. ಭಾವನವರ ಹಳೆಯ ವರದಿಗಳಿದ್ದರೆ ಎಸೆಯಬೇಡಿ. ಮುಂದೆ ಯಾವ ವೈದ್ಯರ ಬಳಿ ಹೋದರೂ ಬಯಾಪ್ಸಿ ವರದಿಯನ್ನು ಮೊದಲು ತೋರಿಸಿ.