ದ್ರೌಪದಿ ಇಲ್ಲದ ದ್ಯೂತ

ನಮ್ಮ ಹಳೆಯ ಓದುಗರು, ಶಿವಮೊಗ್ಗದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ 1929ರ “ಪ್ರಪಂಚ ಪಾಶ” ಮೂಕಿ ಚಿತ್ರವನ್ನು ಬಾಯ್ತುಂಬ ಹೊಗಳಿದ್ದೀರಿ. ಮಹಾಭಾರತದ ದ್ಯೂತವನ್ನು ಎತ್ತಿಕೊಂಡು, ದ್ರೌಪದಿಯನ್ನೇ ಕೈಬಿಟ್ಟು, ಜರ್ಮನರು ಮಾಡಿದ ಪ್ರೇಮಕಥೆ ಅದು. ನಮ್ಮ ಸಿನಿಮಾ ಹೇಗಾದೀತು?’

ಮೇಷ್ಟ್ರೇ, ಕುಮಾರವ್ಯಾಸನ ಸಭಾಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದವರಿಗೆ ದಾಳ ಉರುಳಿದರೆ ಸಾಕು, ಮುಂದಿನದೆಲ್ಲ ಕಣ್ಣಿಗೆ ಕಟ್ಟುತ್ತದೆ. ನಾನೂ ಅದೇ ನಿರೀಕ್ಷೆಯಲ್ಲಿ ನೋಡಲು ಕೂತವನು. ಆದರೆ ಕಥೆ ಬದಲಿಸಿದವರು ಜರ್ಮನರಲ್ಲ. ಬರೆದವರು ನಿರಂಜನ್ ಪಾಲ್. ಲಾಲ್-ಬಾಲ್-ಪಾಲ್ ಎನ್ನುತ್ತೇವಲ್ಲ, ಆ ಬಿಪಿನ್ ಚಂದ್ರ ಪಾಲರ ಮಗ. ಚಿತ್ರದ ಬೆನ್ನೆಲುಬು ನಿರ್ಮಾಪಕ ಹಿಮಾಂಶು ರಾಯ್. ಕೇಡಿಗ ರಾಜ ಸೋಹತನ ಪಾತ್ರವೂ ಅವರದೇ. ಲಂಡನ್ನಿನಲ್ಲಿ ನಾಟಕದ ನಂಟಿನಿಂದ ಕೂಡಿದ ಜೋಡಿ ಇದು. ‘ಪ್ರೇಮ ಸನ್ಯಾಸ’ (1925), ‘ಶಿರಾಜ್’ (1928) ಆದ ಮೇಲೆ ಬಂದ ಚಿತ್ರ ಇದು. ಮ್ಯೂನಿಕ್ಕಿನ ನಿರ್ದೇಶಕ ಫ್ರಾಂಜ್ ಓಸ್ಟೆನ್ ಮೂರರಲ್ಲೂ ಜೊತೆಗಿದ್ದರು. ಹಣ ಜರ್ಮನಿಯ ಊಫಾ ಚಿತ್ರಸಂಸ್ಥೆಯಿಂದಲೂ ಬ್ರಿಟನ್ನಿನ ಒಂದು ಕಂಪನಿಯಿಂದಲೂ ಬಂತು, ನಿಜ. ಕ್ಯಾಮೆರಾ ಹಿಡಿದವರು ಎಮಿಲ್ ಶೂನೆಮಾನ್. ಅವರ ಹೆಸರು ನಮ್ಮ ಲೇಖನದಲ್ಲಿ ಬಿಟ್ಟುಹೋಗಿತ್ತು, ಅದು ನಮ್ಮ ತಪ್ಪು.

ಇನ್ನು ಮಹಾಭಾರತವನ್ನು ತಿದ್ದಿದ ಮಾತು. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿದ. ಆ ಪಾಠವನ್ನು ನೀವೇ ತರಗತಿಯಲ್ಲಿ ಎಷ್ಟು ಸಲ ಮಾಡಿದ್ದೀರೋ! ಹಳೆಯ ಕಥೆಯಿಂದ ತನಗೆ ಬೇಕಾದ್ದನ್ನು ಎತ್ತಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಇಲ್ಲಿ ಉಳಿದಿರುವುದು ಜೂಜಿನ ಹುಚ್ಚು ಮತ್ತು ಕಪಟ. ಬೇಟೆಯ ನೆಪದಲ್ಲಿ ಬಾಣ ತಗುಲಿ ಬಿದ್ದ ರಾಜ ರಂಜಿತನನ್ನು ಋಷಿಯೊಬ್ಬ ಬದುಕಿಸುತ್ತಾನೆ. ಋಷಿಯ ಮಗಳು ಸುನೀತೆಗೂ ರಂಜಿತನಿಗೂ ಮನಸ್ಸು ಕೂಡುತ್ತದೆ. ಸೋಹತನಿಗೂ ಅವಳ ಮೇಲೇ ಕಣ್ಣು. ಕೊನೆಗೆ ಹಾಸಿನ ಮೇಲೆ ದಾಳ ಬೀಳುತ್ತದೆ, ರಂಜಿತ ಸೋತು ದಾಸನಾಗುತ್ತಾನೆ.

ಇಲ್ಲಿ ಕಾಪಾಡಲು ಕೃಷ್ಣ ಬರುವುದಿಲ್ಲ, ಮೇಷ್ಟ್ರೇ. ಸೋಹತನ ಕೃತ್ಯಗಳನ್ನು ಪತ್ತೆ ಹಚ್ಚುವವಳು ಸುನೀತೆಯೇ. ದ್ರೌಪದಿ ಸಭೆಗೆ ಪ್ರಶ್ನೆ ಹಾಕಿದಳು. ಮಾತೇ ಇಲ್ಲದ ಚಿತ್ರದಲ್ಲಿ ಈ ಹುಡುಗಿ ಕಣ್ಣಲ್ಲೇ ಎಲ್ಲವನ್ನೂ ಕೇಳಬೇಕು. ಸೀತಾದೇವಿ ಅದನ್ನು ಮಾಡಿದ್ದಾರೆ. ಅವರ ನಿಜವಾದ ಹೆಸರು ರೆನೀ ಸ್ಮಿತ್, ಆಂಗ್ಲೋ-ಇಂಡಿಯನ್. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಲ್ಲಲು ಹಿಂಜರಿಯುತ್ತಿದ್ದ ಕಾಲ ಅದು. ಆಟದ ದೃಶ್ಯವನ್ನು ಮತ್ತೊಮ್ಮೆ ನೋಡಿ: ದಾಳದ ಸದ್ದು ನಮಗೆ ಕೇಳುವುದೇ ಇಲ್ಲ. ಬಿದ್ದದ್ದೇನು ಎಂದು ಆಡುವವರ ಮುಖ ನೋಡಿ ತಿಳಿಯಬೇಕು. ಗಮಕದಲ್ಲಿ ಕಿವಿ ಮಾಡುವ ಕೆಲಸವನ್ನು ಇಲ್ಲಿ ಕಣ್ಣು ಮಾಡುತ್ತದೆ. ನಾನು ಸೋತದ್ದು ಅಲ್ಲಿ.

ಚಿತ್ರೀಕರಣ ನಡೆದದ್ದು ರಾಜಸ್ಥಾನದಲ್ಲಿ. 10,000 ಜನ, 1,000 ಕುದುರೆ, 50 ಆನೆ ಎಂದು ತಯಾರಕರು ಹೇಳಿಕೊಂಡರು. ನೆರವಾದ ಅರಮನೆಗಳ ಸಾಲಿನಲ್ಲಿ ಜೈಪುರ, ಉದಯಪುರದ ಜೊತೆ ನಮ್ಮ ಮೈಸೂರೂ ಇದೆ. ಮೂಕಿಯಲ್ಲಿ ಒಂದು ಅನುಕೂಲವಿತ್ತು: ಧ್ವನಿ ದಾಖಲಾಗದ್ದರಿಂದ ಕ್ಯಾಮೆರಾ ಓಡುತ್ತಿರುವಾಗಲೇ ನಿರ್ದೇಶಕ ಕೂಗಿ ಹೇಳಬಹುದಿತ್ತು. ಅಷ್ಟು ದೊಡ್ಡ ದಂಡನ್ನು ಮತ್ತೆ ಹೇಗೆ ನಡೆಸುತ್ತಾರೆ! ಭಾಷೆಯ ತೊಡಕೂ ಕಡಿಮೆ. ನಡುವೆ ಬರುವ ಬರಹದ ಚೂರುಗಳನ್ನು ಬದಲಿಸಿದರಾಯಿತು, ಅದೇ ಚಿತ್ರ ಬರ್ಲಿನ್ನಿಗೂ ಸಲ್ಲುತ್ತದೆ, ಲಂಡನ್ನಿಗೂ ಸಲ್ಲುತ್ತದೆ.

ಮೂಕಿ ಕಾಲದಲ್ಲಿ ನಮ್ಮ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳು ತಯಾರಾದವು. ಇಂದು ಉಳಿದಿರುವುದು ಬೆರಳೆಣಿಕೆಯಷ್ಟು. ಇದರ ಪ್ರತಿಯನ್ನು ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್ ಜೋಪಾನ ಮಾಡಿ ಸರಿಪಡಿಸಿದ್ದರಿಂದ, ನಿತಿನ್ ಸಾಹ್ನಿಯವರ ಹೊಸ ಸಂಗೀತದೊಡನೆ 2007ರಲ್ಲಿ ಮತ್ತೆ ತೆರೆ ಕಂಡಿತು. ಉಳಿದವುಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ನಾಲ್ಕು ಪುಟ ಕೊಟ್ಟೆವು.

ಒಮ್ಮೆ ಸಂಗೀತ ನಿಲ್ಲಿಸಿ ಆಟದ ದೃಶ್ಯ ನೋಡಿ, ಮೇಷ್ಟ್ರೇ. ಆಮೇಲೂ ನಿಮಗೆ ದ್ರೌಪದಿಯ ಕೊರತೆ ಕಾಡಿದರೆ ಬರೆಯಿರಿ, ಆ ಪತ್ರವನ್ನೂ ಪೂರ್ತಿ ಅಚ್ಚು ಹಾಕುತ್ತೇವೆ.

– ಸಂಪಾದಕ